ಹಳದಿ ಸೀರೆಯ ಚುಕ್ಕಿಗಳು

ಮೊನ್ನೆ ರೊಟ್ಟಿ ತಟ್ಟಿದ ಕೈ ತೊಳೆದು ಬರುವಾಗ ಮೊಬೈಲಿನ ಮೇಲೆ ಒಂದು ಹನಿ ನೀರು ಬಿತ್ತು. ಒರೆಸಲು ಬಗ್ಗಿದರೆ ಹನಿಯೊಳಗೆ ಕೆಂಪು, ಹಸಿರು, ನೀಲಿ ಚುಕ್ಕಿಗಳು. ಅಷ್ಟೇ ಸಾಕಾಯಿತು. ಕಾದ ಗಾಜಿನ ಮೇಲೆ ಧೂಳು ಸುಟ್ಟ ಆ ಹಳೆಯ ವಾಸನೆ ಮೂಗಿಗೆ ಬಂತು, ಅದರ ಬೆನ್ನಿಗೇ ಕಾಕಾ. ಅಫಜಲಪುರದ ನಮ್ಮ ಕೂಡುಮನೆಗೆ ಬಣ್ಣದ ಟಿವಿ ತಂದವನು ಅಪ್ಪನ ಈ ತಮ್ಮ. ತಂದ ದಿನದಿಂದ ಪಡಸಾಲೆ ಅವನ ಜಹಗೀರಾಯಿತು. ಟಿವಿಗೆ ಜರಿಯಂಚಿನ ಮುಸುಕು, ನಮಗೆ ಬೈಗುಳ. "ದೂರ ಕುಂಡ್ರಿ! ಮುಟ್ಟಿದ್ರ ಕೈ ಮುರಿತೇನಿ!" ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದಿರಬೇಕು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುತ್ತೇನೆ.

ಫೋಟೊ ಎಂದರೆ ಅವ್ವ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದಳು. ಕಾಕಾನ ಮಗಳ ಲಗ್ನದ ವಿಡಿಯೊ ಕ್ಯಾಸೆಟ್ಟಿನಲ್ಲಿ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಹಳದಿ ಸೀರೆ, ಕೈಯಲ್ಲಿ ಹುಗ್ಗಿಯ ಬಕೀಟು. ಲೈಟಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ಒಮ್ಮೆ ನಕ್ಕು, ಪಂಕ್ತಿಯಲ್ಲಿ ಮುಂದಕ್ಕೆ ಹೋಗುತ್ತಿದ್ದಳು. ಮರುವರ್ಷ ಜ್ವರ ಬಂದು, ಅದೇ ಸೀರೆಯಲ್ಲಿ ಮಣ್ಣಿಗೆ ಹೋದಳು. ಅವಳ ಮುಖ ಉಳಿದದ್ದು ಆ ಕ್ಯಾಸೆಟ್ಟಿನಲ್ಲಷ್ಟೇ. ಕ್ಯಾಸೆಟ್ಟು ಕಾಕಾನ ಅಲ್ಮಾರಿಯಲ್ಲಿ, ಅಲ್ಮಾರಿಯ ಕೀಲಿ ಅವನ ಉಡಿದಾರದಲ್ಲಿ. ಬೀಗರು ಬಂದರೆ ಮಾತ್ರ ಹಾಕುತ್ತಿದ್ದ. ಹಾಗಾಗಿ ನಾನು ಬೀಗರ ದಾರಿ ಕಾಯುವ ಹುಡುಗಿಯಾದೆ.

ಒಂದು ದೀಪಾವಳಿಗೆ ಬೀಗರು ಬಂದರು, ಕಾಕಾ ಕ್ಯಾಸೆಟ್ ಹಾಕಿದ. ಈ ಸಲ ಅವ್ವನನ್ನು ಹತ್ತಿರದಿಂದ ನೋಡಲೇಬೇಕೆಂದು, ಹುಗ್ಗಿಯ ಪಂಕ್ತಿ ಶುರುವಾದದ್ದೇ ಓಡಿಹೋಗಿ ಗಾಜಿಗೆ ಮೂಗು ಹಚ್ಚಿದೆ. ಕೆನ್ನೆಯ ಕೂದಲು ಚುರುಚುರು ಎಂದವು. ಅವ್ವ ಇರಲಿಲ್ಲ. ಹಳದಿಯೂ ಇರಲಿಲ್ಲ. ಬರೀ ಕೆಂಪು ಚುಕ್ಕಿ, ಹಸಿರು ಚುಕ್ಕಿ, ಸಾಸಿವೆಗಿಂತ ಸಣ್ಣವು.

"ಕಾಕಾ, ಅವ್ವನ್ನ ಏನ್ ಮಾಡ್ದಿ? ಸೀರಿ ಎಲ್ಲಿ ಹೋತು?" ಎಂದು ಚೀರಿದೆ.

"ಏ ಹುಚ್ಚಿ, ಹಿಂದ ಸರಿ ಬೇ! ಹಿಂದ ಸರಿದ್ರ ಕಾಣ್ತಾಳ ನಿಮ್ಮವ್ವ!"

"ಸುಳ್ಳ! ನೀನೇ ತಗದಿ!"

ನಾನು ಅಲುಗಲಿಲ್ಲ. ರಟ್ಟೆ ಹಿಡಿದು ಎಳೆಯುವ ಹೊತ್ತಿಗೆ ಪಂಕ್ತಿ ಮುಗಿದು ಬ್ಯಾಂಡಿನವರು ಬಂದಿದ್ದರು. ಮತ್ತೊಮ್ಮೆ ಹಾಕು ಎಂದು ಅಳತೊಡಗಿದೆ. "ಬೀಗರ ಮುಂದ ಮಾನ ಕಳೀತಿ," ಎಂದು ಹೊರಗೆ ದಬ್ಬಿದ. ಮುಂದೆ ಸ್ವಲ್ಪ ದಿನಕ್ಕೆ ಅದೇ ಕ್ಯಾಸೆಟ್ಟಿನ ಮೇಲೆ ಕ್ರಿಕೆಟ್ ಮ್ಯಾಚು ತುಂಬಿಸಿದ, ಪಾಪಿ. ಅಪ್ಪ ಕೇಳಿದರೆ, "ಲಗ್ನ ಆಗಿ ಹೋತಲ್ಲಣ್ಣ, ಇನ್ನೇನ್ ನೋಡೂದದ," ಎಂದ. ಆ ವರ್ಷವೇ ಮನೆ ಪಾಲಾಗಿ ಪಡಸಾಲೆಯ ನಡುವೆ ಗೋಡೆ ಎದ್ದಿತು. ಈಗ ಆ ಗೋಡೆಯೂ ಇಲ್ಲ, ಪಡಸಾಲೆಯೂ ಇಲ್ಲ.

ಟಿವಿಯೊಳಗೆ ಹಳದಿ ಇರುವುದೇ ಇಲ್ಲ ಎಂದು ಕಾಲೇಜಿನಲ್ಲಿ ತಿಳಿಯಿತು. ಕೆಂಪೂ ಹಸಿರೂ ಮಗ್ಗುಲಲ್ಲಿ ಹೊತ್ತಿದರೆ, ದೂರ ನಿಂತ ಕಣ್ಣು ಎರಡನ್ನೂ ಕಲಸಿ ಹಳದಿ ಮಾಡಿಕೊಳ್ಳುತ್ತದೆ. ಮೊಬೈಲಿನಲ್ಲೂ ಅದೇ ಆಟ. ಇಂಥ ಮೂರು ಚುಕ್ಕಿ ಸೇರಿದರೆ ಒಂದು ಪಿಕ್ಸೆಲ್ ಅಂತೆ. ಅಂದರೆ ಕಾಕಾ ಹೇಳಿದ್ದು ಖರೆ ಇತ್ತು. ಹುಟ್ಟಿದಾಗಿನಿಂದ ನನಗೆ ಅವನು ಹೇಳಿದ ಖರೆ ಮಾತು ಅದೊಂದೇ, ಅದನ್ನೂ ಬೈಗುಳದಲ್ಲಿ ಹೇಳಿದ. ಅದಕ್ಕೇ ಅವನ ಮೇಲಿನ ಸಿಟ್ಟು ಇಳಿದಿಲ್ಲ. ಅವ್ವ ಕೊನೆಯ ಸಲ ನಕ್ಕಾಗ ದೂರ ಕುಳಿತ ಬೀಗರು ನೋಡಿದರು, ಕಾಕಾ ನೋಡಿದ. ನಾನು ಗಾಜಿಗೆ ಮೂಗು ಹಚ್ಚಿ ಅವಳನ್ನು ಹುಡುಕುತ್ತಿದ್ದೆ.