ಪೇಡಾನ ಹಿಂದೆ ಓಡಿದ ಬೆಳಗುಗಳು

ಆ ಶುಕ್ರವಾರದ ಬೆಳಗೂ ಎಂದಿನಂತೆಯೇ ಬಂತು. ನೌಪಾಡಾದ ನಮ್ಮ ಹೋಟೆಲಿನ ಬಾಗಿಲು ತೆರೆಯಲು ಇವರು ಮೊದಲ ಲೋಕಲ್ ಹಿಡಿದು ಹೋಗಿಯಾಗಿತ್ತು. ಹಾಲಿನ ಪ್ಯಾಕೆಟ್ ಕತ್ತರಿಸಿ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟೆ. ದೇವರ ಕೋಣೆಯಿಂದ ಅತ್ತೆಯ ಗಂಟೆ ಕೇಳಿತು. ಕೆಳಗೆ ಡೋಂಬಿವಲಿ ಇನ್ನೂ ಅರೆನಿದ್ದೆಯಲ್ಲಿತ್ತು. ಸ್ಟೇಷನ್ನಿನ ಅನೌನ್ಸ್‌ಮೆಂಟು ಮಂಜಿನೊಳಗಿಂದ, ಯಾರದೋ ಕನಸಿನ ಮಾತಿನಂತೆ ತೇಲಿ ಬರುತ್ತಿತ್ತು. ನಾನು ಒಂದು ಕೈಯಲ್ಲಿ ಹಳೆಯ ಪೇಪರು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಮೊರ ಹಿಡಿದು, ಓಟದ ಪಂದ್ಯದಲ್ಲಿ ಸೀಟಿ ಊದುವುದನ್ನೇ ಕಾಯುವ ಹುಡುಗಿಯಂತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ.

ಯಾಕೆ ಎಂದು ಹೇಳಲು ಸಂಕೋಚ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕೆಲವು ಪದಗಳನ್ನು ನಮ್ಮ ಬಾಯಿಂದ ಎಷ್ಟು ಚೆನ್ನಾಗಿ ತೊಳೆದು ಹಾಕಿದ್ದರೆಂದರೆ, ಈ ವಯಸ್ಸಿನಲ್ಲೂ ಎರಡು ಬೆರಳು ಎತ್ತುವುದೇ ನನಗೆ ಸುಲಭ. ಹಾಗಾಗಿ ಬೆರಳೆತ್ತಿಯೇ ಹೇಳುತ್ತೇನೆ: ನಮ್ಮ ನಾಯಿಮರಿ ಪೇಡಾ ಬೆಳಿಗ್ಗೆ ಬಾಲ್ಕನಿಯಲ್ಲಿ ಎರಡು ಮಾಡುತ್ತಾನೆ. ಮಾಡಿದ್ದನ್ನು, ನಾನು ತಲುಪುವ ಮೊದಲೇ, ತಾನೇ ತಿಂದುಬಿಡುತ್ತಾನೆ.

ಆರನೇ ಕ್ಲಾಸಿನ ಮಗಳು ಅದಿತಿ ಅವನನ್ನು ಗೆಳತಿಯ ಬಿಲ್ಡಿಂಗಿನಿಂದ ದುಪಟ್ಟಾದಲ್ಲಿ ಸುತ್ತಿಕೊಂಡು ತಂದಾಗ ಅತ್ತೆ ಮೂರು ದಿನ ಮಾತು ಬಿಟ್ಟಿದ್ದರು. ನಾಲ್ಕನೆಯ ದಿನ ದೋಸೆಯ ಚೂರು ಹಾಕಿದರು. ಎಲ್ಲ ಸರಿಹೋಯಿತು ಎನ್ನುವಾಗ ಈ ಚಟ ಬಯಲಾಯಿತು. ಕಳೆದ ಸೋಮವಾರ ಅವನು ಅದೇ ಬಾಯಲ್ಲಿ ಬಂದು, ತುಳಸಿಗೆ ನೀರೆರೆಯುತ್ತಿದ್ದ ಅತ್ತೆಯ ಕಾಲ್ಬೆರಳು ನೆಕ್ಕಿದ.

"ಎಂತದು ಮಾರಾಯ್ತಿ ಇದು! ಮನೆಯಲ್ಲಿ ಅನ್ನ ಇಲ್ವಾ ಇದಕ್ಕೆ?" ಅತ್ತೆ ಎರಡನೇ ಸ್ನಾನಕ್ಕೆ ಹೊರಟರು. "ಶನಿವಾರದೊಳಗೆ ಬುದ್ಧಿ ಬರದಿದ್ರೆ ವಾಶಿಗೆ ಕಳ್ಸು. ಹೋಟೆಲಿಗೆ ನೀರುಳ್ಳಿ ಕೊಡುವ ಆ ಗೋಡೌನಿನವ ಕಾವಲಿಗೆ ನಾಯಿ ಬೇಕು ಅಂತಿದ್ದಾನಲ್ಲ."

"ತೋ ಗೇಲಾ ತರ್ ಮೀ ಪಣ್ ಜಾಣಾರ್," ಎಂದಳು ಅದಿತಿ. ಅವನು ಹೋದರೆ ತಾನೂ ಹೋಗುತ್ತಾಳಂತೆ, ನೀರುಳ್ಳಿ ಕಾಯಲು. ಮಧ್ಯಾಹ್ನ ಅದಿತಿ ಶಾಲೆಯಲ್ಲಿದ್ದು, ಅತ್ತೆಯೂ ಮಲಗಿದ ಮೇಲೆ ನನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗುವವನು ಅವನೊಬ್ಬನೇ. ಕಾಲು ಜೋಮು ಹಿಡಿದರೂ ನಾನು ಕದಲುವುದಿಲ್ಲ. ಹದಿನಾರು ವರ್ಷದ ಸಂಸಾರದಲ್ಲಿ ಯಾರೂ ನನ್ನನ್ನು ಹಾಗೆ ಒಂದು ಕಡೆ ಕೂರಿಸಿರಲಿಲ್ಲ.

ಉಪಾಯಗಳಿಗೆ ಬರವಿರಲಿಲ್ಲ. ಅನಾನಸಿನ ಹೋಳು ತಿನ್ನಿಸಿ ಎಂದರು ಒಬ್ಬರು. ಪೇಡಾ ಅನಾನಸನ್ನು ಉಗುಳಿ, ಇನ್ನೊಂದನ್ನು ತಿಂದ. ಖಾರ ಉದುರಿಸಿ ಎಂದರು ಮತ್ತೊಬ್ಬರು. ಮೆಣಸಿನ ಪುಡಿ ಮುಗಿದಿತ್ತು, ಕೈಗೆ ಸಿಕ್ಕಿದ್ದು ಸಾರಿನ ಪುಡಿಯ ಡಬ್ಬಿ. ತೆಂಗಿನೆಣ್ಣೆಯಲ್ಲಿ ಹುರಿದ ಕೊತ್ತಂಬರಿ, ಮೆಂತ್ಯ, ಇಂಗು! ಆ ದಿನ ಅವನು ನೆಲವನ್ನೂ ನೆಕ್ಕಿ, ಇನ್ನೊಂದು ಸಲ ಬಡಿಸುತ್ತೀರಾ ಎಂಬಂತೆ ನನ್ನ ಮುಖ ನೋಡಿದ. ಉಡುಪಿಯವರ ಕೈರುಚಿಗೆ ಇಂಥ ಪ್ರಶಸ್ತಿ ಬೇರೆ ಯಾರೂ ಕೊಟ್ಟಿರಲಾರರು.

ಅಸಹ್ಯವೆನ್ನುವುದು ಎಲ್ಲಿಂದ ಹುಟ್ಟುತ್ತದೋ! ಉಪಾಕರ್ಮದ ದಿನ ಪುರೋಹಿತರು ಅಂಗೈಗೆ ಹಾಕುವ ಪಂಚಗವ್ಯವನ್ನು ನಾನು ಚಿಕ್ಕಂದಿನಲ್ಲಿ ಕಣ್ಣು ಮುಚ್ಚಿ ನುಂಗಿದ್ದೇನೆ. ಅದರಲ್ಲಿ ಹಾಲು, ಮೊಸರು, ತುಪ್ಪವಲ್ಲದೆ ಹಸುವಿನ 'ಒಂದು' ಮತ್ತು 'ಎರಡು' ಕೂಡ ಇರುತ್ತವೆಂದು ಗೊತ್ತಾದದ್ದು ಆಮೇಲೆ. ಹಸುವಿನದು ಶುದ್ಧಿಗೆ, ನಾಯಿಯದು ಸ್ನಾನಕ್ಕೆ. ಈ ಗೆರೆ ಎಳೆದವರು ಯಾರೆಂದು ಅತ್ತೆಯನ್ನು ಕೇಳೋಣವೆನಿಸುತ್ತದೆ. ಅವರು ವಾಶಿಗೆ ನನ್ನನ್ನೇ ಕಳಿಸಿಯಾರೆಂದು ಸುಮ್ಮನಾಗುತ್ತೇನೆ.

ಬುಧವಾರ ಕಲ್ಯಾಣದ ನಾಯಿ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹುಡುಗಿ. ಹೊಟ್ಟೆ ಒತ್ತಿ ನೋಡಿದಳು, ಹುಳು ಇಲ್ಲವೆಂದಳು. ಆಮೇಲೆ ಪೇಡಾನನ್ನು ಬಿಟ್ಟು ನನ್ನನ್ನು ನೋಡಿದಳು. ಅವನು ಬಾಯಿ ಹಾಕುವಾಗ ನೀವೇನು ಮಾಡುತ್ತೀರಿ?

"ಓಡುತ್ತೇನೆ. ಛೀ ಛೀ, ಬಿಡು ಬಿಡು ಅಂತ ಕಿರುಚುತ್ತೇನೆ."

"ಆಂಟಿ, ಫಿರ್ ತೋ ವೋ ಔರ್ ಜಲ್ದೀ ಖಾಯೇಗಾ ನಾ!" ಓಡಿದಷ್ಟೂ ಬೇಗ ತಿನ್ನುತ್ತಾನೆಂದು ಅವಳು ನಕ್ಕಳು. ಮನೆಯೊಡತಿ ದಿನವೂ ಓಡಿ ಬಂದು ಎತ್ತಿಕೊಂಡು ಹೋಗುವ ವಸ್ತು ಎಂದರೆ ಮರಿಯ ಲೆಕ್ಕದಲ್ಲಿ ಭಾರೀ ಬೆಲೆಬಾಳುವಂಥದ್ದು. ಇಲ್ಲವೇ ಅವಳು ಕಾಣುವ ಮೊದಲು ಮಾಯ ಮಾಡಬೇಕಾದ ಅಪರಾಧ. ಕೂಗಬೇಡಿ, ಓಡಬೇಡಿ, ಮೆಲ್ಲಗೆ ಹತ್ತಿರ ಕರೆಯಿರಿ, ಬಂದರೆ ಏನಾದರೂ ಕೊಡಿ, ಅವನು ಕಾಣದಂತೆ ಆಮೇಲೆ ಬಳಿಯಿರಿ. ನಾನು ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದೆ. ಗುರುವಾರ ಬೆಳಿಗ್ಗೆ ಮತ್ತೆ ಓಡಿದೆ, ಮತ್ತೆ ಕಿರುಚಿದೆ. ತಲೆ ಒಪ್ಪಿದ್ದನ್ನು ಗಂಟಲು ಒಪ್ಪಿರಲಿಲ್ಲ.

ಇನ್ನು ಉಳಿದದ್ದು ಈ ಶುಕ್ರವಾರ. ಹೊಸ್ತಿಲಲ್ಲಿ ನಿಂತೇ ಇದ್ದೆ. ಪೇಡಾ ಬಾಲ್ಕನಿಯ ಟೈಲ್ಸಿನ ಮೇಲೆ ಸುತ್ತು ಹಾಕತೊಡಗಿದ. ಬಿಸಿಲಿನ ಒಂದು ಚೂರು ಅವನ ಬೆನ್ನಿನ ಮೇಲೆ ಕೂತು ಜೊತೆಗೇ ಸುತ್ತುತ್ತಿತ್ತು. ನೋಡುತ್ತಾ ನೋಡುತ್ತಾ ನಾನು ಎಲ್ಲಿಗೋ ಹೋದೆ. ಮೂರನೇ ಕ್ಲಾಸು, ಕಿಟಕಿಯ ಪಕ್ಕದ ಬೆಂಚು, ಬಾಯಲ್ಲಿ ಹುಣಸೆಹಣ್ಣು. ಕಾರಿಡಾರಿನಲ್ಲಿ ಸಿಸ್ಟರಿನ ಜಪಮಾಲೆಯ ಟಿಕ್ ಟಿಕ್. ಬೀಜ ಸಮೇತ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು "ಗುಡ್ ಮಾರ್ನಿಂಗ್ ಸಿಸ್ಟರ್" ಎಂದಿದ್ದೆ. ಹಸಿವಿನಿಂದ ನುಂಗಿದ್ದಲ್ಲ ಅದು. ಆ ಟಿಕ್ ಟಿಕ್ ಹತ್ತಿರವಾದಷ್ಟೂ ಗಂಟಲು ತಾನಾಗಿಯೇ ನುಂಗುತ್ತಿತ್ತು.

ಕಣ್ಣು ಈಚೆ ಬಂದಾಗ ಪೇಡಾನ ಕೆಲಸ ಮುಗಿದಿತ್ತು. ಅವನು ತಿಂದಿರಲಿಲ್ಲ. ಕಿವಿ ಹಿಂದಕ್ಕೆ ಮಡಚಿ, ಇನ್ನೂ ಯಾಕೆ ಓಡಿ ಬರಲಿಲ್ಲ ಎಂಬಂತೆ ನನ್ನನ್ನೇ ನೋಡುತ್ತಿದ್ದ. ಮೊರ, ಪೇಪರು ಕೆಳಗಿಟ್ಟು ನೆಲದ ಮೇಲೆ ಕೂತೆ.

"ಬಾರೋ ಪೇಡಾ."

ಒಮ್ಮೆ ಅದರ ಕಡೆ ನೋಡಿದ, ಒಮ್ಮೆ ನನ್ನ ಕಡೆ. ಅವನು ಬಂದ. ಮೆಲ್ಲಗೆ, ಅಂಜುತ್ತಾ, ಕೊನೆಯ ಎರಡು ಹೆಜ್ಜೆ ಓಡಿಕೊಂಡು.

ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ವಾಸನೆಗೆ ಅತ್ತೆ ಎದ್ದು ಬಂದರು. "ಎಂತ ಹಾಲು ಉಕ್ಕಿಸಿ ನೆಲದಲ್ಲಿ ಕೂತಿದ್ದೀ—" ಎನ್ನುತ್ತಾ ಬಾಲ್ಕನಿಯತ್ತ ಕಣ್ಣು ಹಾಯಿಸಿ ನಿಂತರು. "ಮುಟ್ಲಿಲ್ವಾ?"

"ಇಲ್ಲ ಅತ್ತೆ."

"ಒಂದು ದಿನದಿಂದ ಎಂತ ಆಗ್ತದೆ," ಎಂದು ಒಲೆ ಆರಿಸಿ ಒಳಗೆ ಹೋದರು. ಆದರೆ ಮಧ್ಯಾಹ್ನ ಮಗನಿಗೆ ಫೋನ್ ಮಾಡಿ ಹೇಳುತ್ತಿದ್ದದ್ದು ನನಗೆ ಕೇಳಿಸಿತು: "ವಾಶಿಯವನಿಗೆ ಬೇರೆ ನಾಯಿ ನೋಡ್ಲಿಕ್ಕೆ ಹೇಳು. ಇದು ಕಾವಲಿಗೆ ಆಗುವಂಥದ್ದಲ್ಲ."

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪೇಡಾ ನನ್ನ ಸೀರೆಯ ನೆರಿಗೆಯ ಹಿಂದೆ ಮಲಗಿದ್ದ. ಪಕ್ಕದ ಬಾಲ್ಕನಿಯಲ್ಲಿ ವಿಜಯಪುರದ ಕಡೆಯ ಸುಮಿತ್ರಾಬಾಯಿ ಕಾಣಿಸಿಕೊಂಡರು. ಹಗ್ಗದಿಂದ ಟವೆಲ್ ಎಳೆದುಕೊಳ್ಳುತ್ತಾ, ನನ್ನ ಕಡೆ ತಿರುಗದೆಯೇ ಕೇಳಿದರು:

"ಏನ್ರೀ ವೈನಿ, ನಾಯಿ ಕೊಟ್ಟಬಿಟ್ರೇನು? ಇವತ್ತ ಮುಂಜಾನಿ ಒಂಚೂರೂ ಗದ್ದಲನ ಇರಲಿಲ್ಲ."