ಗರಗಸದಿಂದ ಕೊಯ್ದ ಫಿಲ್ಟರ್

ನಾನು ಖಾನಾಪುರದವಳು. ಬೆಳಗಾವಿಯಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆಯೊಂದಿದೆ; ಅದರ ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಮೆಕ್ಯಾನಿಕ್ ಆಗಿ ಸೇರಿ ಆಗ ಎರಡನೇ ಮಳೆಗಾಲ. ಬೆಳಿಗ್ಗೆ ಲೋಂಡಾ ಕಡೆಯಿಂದ ಬರುವ ರೈಲು ಹಿಡಿದು ಬೆಳಗಾವಿಗೆ ಹೋಗುತ್ತಿದ್ದೆ. ರೈಲಿನ ಡಬ್ಬಿಯಲ್ಲಿ ಜೊತೆಯಾಗುವ ಹೆಂಗಸರು, "ನೀ ವಿಮಾನ ರಿಪೇರಿ ಮಾಡ್ತಿ ಅಂತಲ್ಲ, ಖರೇನ?" ಎಂದು ಕೇಳುತ್ತಿದ್ದರು. ಆಯಿಲ್ ಬದಲಿಸ್ತೀನಿ, ಫಿಲ್ಟರ್ ಬಿಚ್ಚತೀನಿ ಎಂದರೆ ಅವರಿಗೆ ಅಷ್ಟೇನಾ ಅನ್ನಿಸುತ್ತಿತ್ತು.

ಕೆಲಸ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ರೆಕ್ಕೆಯ ಕೆಳಗಿನ ಸಣ್ಣ ವಾಲ್ವಿಗೆ ಗಾಜಿನಂಥ ಕಪ್ ಒತ್ತಿ, ಸ್ವಲ್ಪ ಪೆಟ್ರೋಲ್ ಹಿಡಿದು, ಬೆಳಕಿಗೆ ಎತ್ತಿ ನೋಡುತ್ತಿದ್ದೆ. ನಮ್ಮ ವಿಮಾನಗಳ ಪೆಟ್ರೋಲ್ ತಿಳಿನೀಲಿ. ನೀರು ಸೇರಿದ್ದರೆ ತಳದಲ್ಲಿ ಬಣ್ಣವಿಲ್ಲದ ಹನಿಯಾಗಿ ಕೂತಿರುತ್ತದೆ. ಐವತ್ತು ಗಂಟೆ ಹಾರಿದ ಮೇಲೆ ಇಂಜಿನ್ ಬೆಚ್ಚಗಿರುವಾಗಲೇ ಹಳೆಯ ಆಯಿಲ್ ಇಳಿಸಿ ಫಿಲ್ಟರ್ ತೆಗೆಯಬೇಕು. ತೆಗೆದ ಫಿಲ್ಟರನ್ನು ಹಾಗೇ ಎಸೆಯುವಂತಿಲ್ಲ. ತಗಡಿನ ಡಬ್ಬಿಯನ್ನು ಕೊಯ್ದು, ಒಳಗಿನ ನೆರಿಗೆ ಕಾಗದ ಬಿಡಿಸಿ, ಲೋಹದ ಚೂರು ಸಿಕ್ಕಿವೆಯೇ ನೋಡಬೇಕು. ಇಂಜಿನ್ನಿನ ಒಳಗೆ ಏನಾದರೂ ಸವೆಯುತ್ತಿದ್ದರೆ ಅಲ್ಲಿ ತಿಳಿಯುತ್ತದೆ.

ಆ ದಿನ ಒಂದು ವಿಮಾನದ ಫಿಲ್ಟರ್ ತೆಗೆದು ನೋಡಿದರೆ, ಅದನ್ನು ಕೊಯ್ಯುವ ಕಟರ್‌ನ ಚಕ್ರ ಮುಕ್ಕಾಗಿತ್ತು. ಕಟರ್ ಎಂದರೆ ಡಬ್ಬಿಯ ಸುತ್ತ ತಿರುಗಿ, ಪುಡಿ ಉದುರಿಸದೆ ತಗಡನ್ನು ಸೀಳುವ ಸಾಧನ. ಹೊಸ ಚಕ್ರ ತರಿಸಬೇಕಿತ್ತು. ಮರುದಿನ ಬೆಳಿಗ್ಗೆ ಅದೇ ವಿಮಾನದಲ್ಲಿ ಒಬ್ಬ ವಿದ್ಯಾರ್ಥಿನಿ ಮೊದಲ ಸಲ ಒಬ್ಬಳೇ ಹಾರುವವಳಿದ್ದಳು. ಅವಳ ಅಪ್ಪ ಅಮ್ಮ ನೋಡಲು ಬಂದು ಲಾಡ್ಜಿನಲ್ಲಿ ಇಳಿದಿದ್ದರು. ನಾನು ಗರಗಸ ತೆಗೆದುಕೊಂಡು ಡಬ್ಬಿಯನ್ನು ಕೊಯ್ದೆ.

ಕಾಗದ ಬಿಡಿಸಿದಾಗ ಅಲ್ಲಲ್ಲಿ ಏನೋ ಮಿನುಗಿತು. ಅಯಸ್ಕಾಂತ ಹಿಡಿದರೆ ಅಂಟಿಕೊಂಡಿತು. ಡಬ್ಬಿಯೂ ಉಕ್ಕಿನದೇ. ಗರಗಸದ ಪುಡಿಯೇ ಇರಬೇಕು ಎಂದುಕೊಂಡೆ. ಹಾಗೆಂದುಕೊಂಡರೂ ಸಮಾಧಾನವಾಗಲಿಲ್ಲ. ಕಾಗದವನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದೂ ನಿಜ.

ನಮ್ಮ ಇಂಜಿನಿಯರ್ ಬೆಳಗಾವಿಯ ಹಿಂದವಾಡಿಯವರು. ನಿವೃತ್ತಿಗೆ ಹತ್ತಿರವಾಗಿದ್ದರು. ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕುವವರು ಅವರೇ. ಅವರ ಮುಂದೆ ಕಾಗದ ಹರವಿ ಹೇಳಿದೆ: "ಸರ್, ಕಟರ್ ಕೆಟ್ಟಿತ್ರಿ. ಗರಗಸದಿಂದ ಕೊಯ್ದೀನ್ರಿ. ನನ್ನ ತಪ್ಪು."

ಅವರು ಬೈಯಲಿಲ್ಲ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ಗರಗಸದ ಪುಡಿನೋ, ಇಂಜಿನ್ನಿಂದ ಬಂದದ್ದೋ, ಹೇಳಾಕ ಬರ್ತೈತೇನು ನಿನಗ?"

"ಇಲ್ರಿ."

"ನನಗೂ ಬರೂದಿಲ್ಲ ತಂಗಿ. ಅಂದಮ್ಯಾಲ ವಿಮಾನ ನಿಲ್ಲಲಿ."

ಹಾರಾಟ ಕಲಿಸುವ ಕ್ಯಾಪ್ಟನ್ ಒಪ್ಪಲಿಲ್ಲ. "ಗರಗಸದಿಂದ ಕೊಯ್ದೀನಿ ಅಂತ ಆಕಿನ ಹೇಳಾಕತ್ತಾಳಲ್ರಿ. ಮತ್ತ ಸಂಶಯ ಯಾಕ? ಆ ಹುಡುಗಿ ತಂದಿ ತಾಯಿ ಅಷ್ಟು ದೂರದಿಂದ ಬಂದಾರ."

"ಬಂದಿರ್ಲಿ. ಅವರಿಗೆ ನಾ ಹೇಳ್ತೀನಿ," ಎಂದರು ಇಂಜಿನಿಯರ್.

ಹೇಳಿದ್ದು ಅವರೇ. ನಾನು ದೂರದಲ್ಲಿ ನಿಂತು ನೋಡಿದೆ. ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳ ತಾಯಿ ನನ್ನ ಕಡೆಗೊಮ್ಮೆ ನೋಡಿದರು. ನನ್ನ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಮುಖ ಎತ್ತಲಾಗಲಿಲ್ಲ. ಉಳಿದ ವಿಮಾನಗಳಿಗೆ ಆ ವಾರ ಬಿಡುವಿರಲಿಲ್ಲ. ಅಪ್ಪ ಅಮ್ಮ ಆ ದಿನವೇ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಮರುದಿನ ಇಂಜಿನಿಯರ್ ಊರೊಳಗಿನ ರವಿವಾರ ಪೇಟೆಯ ಅಂಗಡಿಯೊಂದರಲ್ಲಿ ಹುಡುಕಿ, ಕಟರ್‌ಗೆ ಹೊಂದುವ ಚಕ್ರ ತಂದರು. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ವಿಮಾನವನ್ನು ನೆಲದ ಮೇಲೆಯೇ ನಿಲ್ಲಿಸಿ ಇಂಜಿನ್ ಓಡಿಸಿದೆವು. ಆರಲು ಬಿಟ್ಟು ಫಿಲ್ಟರ್ ತೆಗೆದೆವು. ಈ ಸಲ ಕೊಯ್ಯುವಾಗ ಅವರು ಪಕ್ಕದಲ್ಲೇ ನಿಂತಿದ್ದರು.

ಪುಡಿ ಇರಲಿಲ್ಲ. ಮೀನಿನ ಹುರುಪೆಯಂಥ ಚಪ್ಪಟೆ ಚೂರುಗಳು ಏಳೆಂಟು ಇದ್ದವು. ಅಯಸ್ಕಾಂತ ತಂದರೆ ಎದ್ದು ಬಂದು ಅಂಟಿದವು. ಹಿಂದಿನ ದಿನದ ಕಾಗದವನ್ನು ಮತ್ತೆ ತಂದು ನೋಡಿದೆವು. ಗರಗಸದ ಪುಡಿಯ ನಡುವೆ ಅಂಥದೇ ಮೂರು ಚೂರು ಸಿಕ್ಕವು.

ಸಿಲಿಂಡರ್ ಒಂದನ್ನು ಬಿಚ್ಚಿ ಟಾರ್ಚ್ ಹಿಡಿದಾಗ, ವಾಲ್ವನ್ನು ಎತ್ತಿಳಿಸುವ ಕ್ಯಾಮ್‌ನ ಉಬ್ಬೊಂದು ಸಿಡುಬು ಕಲೆಯಂತೆ ಗುಳಿಬಿದ್ದದ್ದು ಕಂಡಿತು. ಚೂರುಗಳು ಉದುರಿದ್ದು ಅಲ್ಲಿಂದಲೇ. ಕ್ಯಾಪ್ಟನ್ ಕೂಡ ಬಗ್ಗಿ ನೋಡಿದರು. ಹೊರಗೆ ಹೋಗಿ ಮೂರು ಚಹಾ ತರಿಸಿದರು.

ವರದಿ ಬರೆಯುವಾಗ, "ಗರಗಸದ್ದೂ ಬರೀಲ್ರಿ?" ಎಂದು ಇಂಜಿನಿಯರನ್ನು ಕೇಳಿದೆ.

"ಬರಿ. ಇನ್ನೊಬ್ರು ಓದಿದ್ರ ಅವರೂ ಹಂಗ ಮಾಡೂದಿಲ್ಲ."

ಬರೆದೆ. ಇಂಜಿನ್ ಪೆಟ್ಟಿಗೆಯಲ್ಲಿ ಕೂತು ದುರಸ್ತಿಗೆ ಹೋಯಿತು. ಮೂರು ವಾರದ ನಂತರ ಮೋಡ ಸರಿದ ಒಂದು ಬೆಳಿಗ್ಗೆ, ಆ ಹುಡುಗಿ ಬೇರೊಂದು ವಿಮಾನದಲ್ಲಿ ಒಬ್ಬಳೇ ಹಾರಿದಳು. ಅಪ್ಪ ಅಮ್ಮ ಈ ಸಲ ಬಂದಿರಲಿಲ್ಲ. ಒಂದು ಸುತ್ತು ಹಾಕಿ ಇಳಿಯುವಾಗ ವಿಮಾನ ನೆಲಕ್ಕೆ ತಾಗಿ ಎರಡು ಸಲ ಪುಟಿಯಿತು. ನಾನು ಹೋಗಿ ಚಕ್ರಗಳನ್ನು ನೋಡಿದೆ. ಏನೂ ಆಗಿರಲಿಲ್ಲ.