ದೌಲಪ್ಪನ ಗರಸಿನ ದಾರಿ

ಬ್ರಹ್ಮಪುರದ ದೌಲಪ್ಪನ ಮನೆಯ ಗೇಟಿನಿಂದ ಕಾರು ನಿಲ್ಲಿಸುವ ಚಪ್ಪರದವರೆಗೆ ಇಪ್ಪತ್ತು ಹೆಜ್ಜೆಯ, ಸಣ್ಣಕಲ್ಲು ಬೆರೆತ ಗರಸುಮಣ್ಣಿನ ದಾರಿಯಿದೆ. ಅದನ್ನು ಆತ ಎಳೆಗರುವಿನಂತೆ ಜೋಪಾನ ಮಾಡುತ್ತಾನೆ. ಅಡಿಯ ಎರೆಮಣ್ಣು ಪ್ರತಿ ಮಳೆಗಾಲ ಒಂದಿಷ್ಟು ಗರಸು ನುಂಗುತ್ತದೆ. ಆಗ ಕಮಲಾಪುರದಿಂದ ಒಂದು ಟೆಂಪೊ ಕೆಂಪು ಗರಸು ತರಿಸಿ, ಗಾಲಿ ತುಳಿದ ತಗ್ಗು ತುಂಬಿ, ನಡುವೆ ಆಮೆಯ ಬೆನ್ನಿನಂತೆ ಉಬ್ಬಿಸಿ, ನೀರು ಚಿಮುಕಿಸಿ ಬಡಿಯುತ್ತಾನೆ. ಪಕ್ಕದ ಮನೆಯ ವೇದವ್ಯಾಸರು, "ಫರಸಿ ಕಲ್ಲು ಹಾಸಿಬಿಡ್ರಿ, ವರ್ಷಾ ವರ್ಷಾ ಈ ಜಂಜಾಟ ತಪ್ತದ" ಎಂದರೆ, "ಹಾಸ್ತೀನ್ರಿ. ನೆಲಕ್ಕ ಇಂಗದ ಮಳಿ ನೀರೆಲ್ಲ ನಿಮ್ಮ ಅಡಗಿ ಮನಿಗೇ ಬರ್ತಾವ, ಚಾ ಮಾಡ್ಕೋತೀರೇನು?" ಎನ್ನುತ್ತಾನೆ. ಕೊನೆಗೆ ಬರಿಗಾಲಲ್ಲಿ ನಾಲ್ಕು ಸಲ ನಡೆದು, ಕಾಲಿಗೆ ಒತ್ತಿದ ಕಲ್ಲನ್ನೆಲ್ಲ ಆರಿಸಿ ಗೋಡೆಯ ಮೂಲೆಗೆ ಎಸೆಯುತ್ತಾನೆ. ಹೆಂಡತಿ ಜಯದೇವಿಗೆ ಲಕ್ವ ಹೊಡೆದು ಬಲಗಾಲು ಜೋಮು ಹಿಡಿದ ಮೇಲೆ ಮಾತ್ರ ಈ ರಿವಾಜು ಮುರಿದಿದೆ. ಬರಿಗಾಲಲ್ಲಿ ನಡೆಸಿದರೆ ಅಂಗಾಲಿಗೆ ಅರಿವು ಮರಳಬಹುದೆಂದು ಡಾಕ್ಟರು ಹೇಳಿದ್ದೇ ತಡ, ಚರ್ಮ ಹರಿಯದ, ಆದರೆ ಚೆನ್ನಾಗಿ ಒತ್ತುವ ಗುಂಡುಕಲ್ಲೊಂದನ್ನು ಆ ಮೂಲೆಯಿಂದಲೇ ಹುಡುಕಿ ತಂದು ಹನ್ನೆರಡನೆಯ ಹೆಜ್ಜೆಯಲ್ಲಿ, ಆಕೆಯ ಬಲಗಾಲು ಬೀಳುವಲ್ಲಿ, ಗುಟ್ಟಾಗಿ ಹುಗಿದ. ಬೆಳಿಗ್ಗೆ ತೋಳು ಹಿಡಿದು ನಡೆಸುವಾಗ ಆಕೆಯ ಮುಖವನ್ನೇ ನೋಡುತ್ತಿದ್ದ. ಎರಡು ತಿಂಗಳು ಆಕೆ ಅದನ್ನು ತುಳಿದು ಸುಮ್ಮನೆ ದಾಟಿದಳು. ಇಂದು ಗಕ್ಕನೆ ನಿಂತಳು. "ಏನ್ ಕಲ್ಲು ಆರಿಸ್ತೀರೋ ಏನೋ, ಇಲ್ಲೊಂದು ಒತ್ತಾಕತ್ತದ ನೋಡ್ರಿ" ಎಂದು ಬೈದಳು. "ತಪ್ಪಾತು" ಎಂದು ಬಗ್ಗಿದ ದೌಲಪ್ಪ, ಕಲ್ಲು ಕೈಗೆ ಬಂದ ಮೇಲೂ ಬಹಳ ಹೊತ್ತು ತಲೆ ಎತ್ತದೆ ಅಲ್ಲೇ ಗರಸು ಸವರುತ್ತಿದ್ದ.